ಗೋಡೆಯಾಚೆ ಇಣುಕಿದವನು

ಲಖನನ ಟಗರು ಮೂರನೇ ಗುದ್ದಿಗೆ ತನ್ನ ಟಗರನ್ನು ಕಣದಿಂದ ಓಡಿಸಿದ್ದನ್ನು ಗುರುಪಾದ ಮರೆತಿರಲಿಲ್ಲ. ಅದೂ ಮೂಡಲಗಿಯ ಜನರೆದುರು. ಎರಡು ವರ್ಷ ಹಾಲು, ಮೊಟ್ಟೆ, ಹುರುಳಿ ತಿನ್ನಿಸಿ ಬೆಳೆಸಿದ ಪ್ರಾಣಿ. ಸೋಲಿಗಿಂತ ಹೆಚ್ಚು ಉರಿದದ್ದು ಲಖನ ಬಂದು ಹೆಗಲು ತಟ್ಟಿ, "ಇರ್ಲಿ ಬಿಡ್ರಿ ಕಾಕಾ, ಮುಂದಿನ ಸಲ ನೋಡೂಣು" ಅಂದದ್ದಕ್ಕೆ. ಮುಂದಿನ ಸಲಕ್ಕೆ ಲಖನನ ಟಗರೇ ಇರಬಾರದು ಎಂದು ಗುರುಪಾದ ಅಂದೇ ನಿರ್ಧರಿಸಿದ.

ಕದಿಯುವುದು ಕಷ್ಟವಿರಲಿಲ್ಲ. ಕಳ್ಳ ಯಾರು ಎಂದು ಊರು ಕೇಳುವ ಮೊದಲೇ ಉತ್ತರ ಸಿದ್ಧವಿರಬೇಕಿತ್ತು, ಅಷ್ಟೇ. ಆ ಉತ್ತರ ಒಂದು ಮಂಗಳವಾರ ತಾನಾಗಿಯೇ ಅವನ ಜೀಪಿನೆದುರು ನಡೆದು ಬಂತು. ಕುಲಗೋಡದ ಓಣಿಯಲ್ಲಿ, ಲಖನನ ಮನೆಯ ಬಳಿ, ಬಿಳಿ ಅಂಗಿಯ ಅಪರಿಚಿತನೊಬ್ಬ ಗೋಡೆಯಾಚೆ ಇಣುಕುತ್ತಿದ್ದ. ಜೀಪು ಕಂಡೊಡನೆ ಮುಖ ತಿರುಗಿಸಿ ಸರಸರ ನಡೆದುಬಿಟ್ಟ. ಮುಂದಿನ ಗಾಜಿಗೆ ಅಂಟಿಸಿದ್ದ ಕ್ಯಾಮೆರಾದಲ್ಲಿ ಅಷ್ಟೂ ಇತ್ತು, ಹದಿನಾಲ್ಕು ಸೆಕೆಂಡು.

ಊರಿನ ವಾಟ್ಸಾಪ್ ಗುಂಪಿಗೆ ಅದನ್ನು ಹಾಕುವಾಗ ಗುರುಪಾದ ಕಳ್ಳ ಎಂಬ ಪದ ಬರೆಯಲಿಲ್ಲ. 'ಇವನು ಯಾರು? ದನ, ಕುರಿ ಇದ್ದವರು ಹುಷಾರು' ಎಂದಷ್ಟೇ ಬರೆದ. ಆ ಪ್ರಶ್ನಾರ್ಥಕ ಚಿಹ್ನೆಯೇ ತನ್ನ ವಕೀಲ ಎಂದು ಒಳಗೊಳಗೇ ನಕ್ಕ. ಸಂಜೆಯೊಳಗೆ ವಿಡಿಯೋ ಗೋಕಾಕ ದಾಟಿತ್ತು. ಯಾರೋ ಪ್ರಶ್ನೆಯನ್ನು ಅಳಿಸಿ 'ಕುರಿಕಳ್ಳರ ಗ್ಯಾಂಗ್' ಎಂದು ಬರೆದಿದ್ದರು.

ಅಂಗನವಾಡಿಯ ಬಿಬಿಜಾನ ಮಾತ್ರ ದಾರಿಯಲ್ಲಿ ಅವನನ್ನು ನಿಲ್ಲಿಸಿದಳು.

"ಕಾಕಾರ, ಆ ಮನಷ್ಯಾ ಏನ್ ಮಾಡ್ಯಾನ ಅಂತ ನಿಮಗ ಗೊತ್ತೈತೇನ್ರಿ? ಗೊತ್ತಿಲ್ದ ಅವನ ಮಾರಿ ಮಂದಿಗೆ ತೋರ್ಸೂದು ಬರೋಬರಿ ಅಲ್ಲ."

"ರಸ್ತಾ ಸರಕಾರದ್ದು, ಕ್ಯಾಮೆರಾ ನಂದು. ನಾ ಬರೇ ಕೇಳೇನಿ. ಕೇಳೂದೂ ತಪ್ಪೇನು?"

"ಮಂದಿ ಅವನ್ನ ಹಿಡದು ಬಡದ್ರ?"

"ಸಾಚಾ ಇದ್ದವನ್ನ ಯಾಕ ಬಡೀತಾರವ್ವಾ?"

ಬಿಬಿಜಾನ ಅಂಗನವಾಡಿಯ ಕಡೆ ನಡೆದಳು.

ಗುರುವಾರ ಬೆಳಿಗ್ಗೆ ಲಖನನ ಮನೆಮಂದಿಯೆಲ್ಲ ಗೋಕಾಕಕ್ಕೆ ಮದುವೆಗೆ ಹೋದರು. ಗುರುಪಾದ ಮನೆಯಲ್ಲೇ ಕ್ಯಾಮೆರಾದ ವೈರು ಕಿತ್ತು, ಫೋನು ಚಾರ್ಜಿಗಿಟ್ಟು ಹೊರಟ. ಲಖನನ ಕೊಟ್ಟಿಗೆಯ ಹಿಂದಿನ ಸಂದಿಯಲ್ಲಿ ಜೀಪು ತಿರುಗಿಸಲು ಜಾಗವಿಲ್ಲ. ನೇರ ಬಾಗಿಲಿನತನಕ ನುಗ್ಗಿಸಿ ನಿಲ್ಲಿಸಿದ. ಟಗರು ಸುಲಭಕ್ಕೆ ಬರಲಿಲ್ಲ. ಹಗ್ಗ ಜಗ್ಗಿ ಬಂಪರಿಗೆ ಎರಡು ಸಲ ಗುದ್ದಿತು. ಅದರ ಸೊಕ್ಕು ಕಂಡು ಅವನಿಗೆ ಖುಷಿಯೇ ಆಯಿತು. ಮಧ್ಯಾಹ್ನದೊಳಗೆ ಹತ್ತರಗಿಯ ಹೆದ್ದಾರಿ ಬದಿಯಲ್ಲಿ ಅದು ದೂರದೂರಿನ ಲಾರಿಯೊಂದನ್ನು ಏರಿತ್ತು. ಸಂಜೆ ಲಖನ ಮರಳಿ ಖಾಲಿ ಕೊಟ್ಟಿಗೆ ಕಂಡಾಗ, ಊರು ವಿಡಿಯೋದವನನ್ನೇ ಕಳ್ಳನೆಂದಿತು.

ಶುಕ್ರವಾರ ಘಟಪ್ರಭಾದ ಬಸ್ ನಿಲ್ದಾಣದಲ್ಲಿ ಬಿಳಿ ಅಂಗಿಯವನು ಜನರ ಕೈಗೆ ಸಿಕ್ಕ. ಬಲಗೈ ಮುರಿದ ಮೇಲೆ ಅವರು ಅವನ ಮಾತು ಕೇಳಿದರು. ಹೆಸರು ರಾಚಪ್ಪ, ಊರು ಹುಕ್ಕೇರಿ. ಮಗಳು ಸುಜಾತಾಳಿಗೆ ನೋಡಿದ್ದ ವರನ ಮನೆ ಲಖನನ ಪಕ್ಕದ್ದು. ಬೀಗರಾಗುವವರ ಬಾಳುವೆ ಹೇಗಿದೆಯೆಂದು ಮಂಗಳವಾರ ಯಾರಿಗೂ ಹೇಳದೆ ನೋಡಿಹೋಗಿದ್ದ. ಮನಸ್ಸಿಗೆ ಬಂದಿತ್ತು. ಒಪ್ಪಿಗೆ ಹೇಳಲು ಈಗ ಮತ್ತೆ ಹೊರಟಿದ್ದ. ಚೀಲ ಹರಿದು, ಬೀಗರ ಬಾಯಿ ಸಿಹಿ ಮಾಡಲು ತಂದಿದ್ದ ಸಕ್ಕರೆ ರಸ್ತೆಗೆ ಚೆಲ್ಲಿತ್ತು.

ಸುದ್ದಿ ಬಂದಾಗ ಗುರುಪಾದ ಊಟಕ್ಕೆ ಕೂತಿದ್ದ. ನಾನೇನು ಅವನ ಕೈ ಮುರಿದೆನೇ ಅಂದುಕೊಂಡು ಇನ್ನೊಂದು ತುತ್ತು ಕಲಸಿದ. ಮರುದಿನ ಠಾಣೆಯಿಂದ ಕರೆ ಬಂದಾಗ ಇಸ್ತ್ರಿ ಮಾಡಿದ ಅಂಗಿ ತೊಟ್ಟೇ ಹೋದ.

ಪಿಎಸ್ಐ ರಾಜೇಶ್ವರಿ ದನಿ ಏರಿಸಲಿಲ್ಲ. "ನಿಮ್ಮ ವಿಡಿಯೋದಿಂದ ಒಬ್ಬಾಂವ ದವಾಖಾನಿ ಸೇರ್ಯಾನ. ಅವನ ಮಗಳ ಲಗ್ನಾನೂ ನಿಂತೈತಿ."

"ನಾ ಬಡದಿಲ್ರಿ ಮೇಡಮ್ಮಾರ. ನಾಳೆ ಇನ್ನೊಬ್ಬಾಂವ ಹಂಗ ಇಣುಕಿದ್ರೂ ಹಾಕ್ತೇನಿ. ಊರ ಕಾಯೂದು ಗುನ್ನೆ ಆದ್ರ ನನ್ನ ಒಳಗ ಹಾಕ್ರಿ."

"ನಡುವ ಏನರ ಕತ್ತರಿಸೀರೇನು?"

"ಒಂದ ಸೆಕೆಂಡೂ ಇಲ್ರಿ. ಕ್ಯಾಮೆರಾದ ಅಸಲ ಮೆಮರಿ ಕಾರ್ಡ ತಂದೇನಿ, ತಗೋರಿ." ಕೇಳುವ ಮೊದಲೇ ಕಿಸೆಯಿಂದ ತೆಗೆದು ಮೇಜಿನ ಮೇಲಿಟ್ಟ. ರಾತ್ರಿಯೇ ಪರೀಕ್ಷಿಸಿಕೊಂಡಿದ್ದ: ಮಂಗಳವಾರದ ವಿಡಿಯೋ ಇತ್ತು, ಗುರುವಾರ ಬೆಳಗಿನಿಂದ ಮಧ್ಯಾಹ್ನದತನಕ ಏನೂ ಇರಲಿಲ್ಲ.

ಪೇದೆ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಗುರುಪಾದ ನೋಡಿದ್ದ ಫೋಲ್ಡರಿನ ಕೆಳಗೆ ಇನ್ನೊಂದು ಫೋಲ್ಡರಿತ್ತು. ನಿಲ್ಲಿಸಿದ ಗಾಡಿಗೆ ಯಾರಾದರೂ ಗುದ್ದಿ ಓಡಿಹೋದರೆ ಮಾಲೀಕನಿಗೆ ಸಾಕ್ಷಿ ಸಿಗಲೆಂದು, ವೈರು ಕಿತ್ತಿದ್ದರೂ ಆ ಕ್ಯಾಮೆರಾ ಹೊಡೆತ ಬಿದ್ದೊಡನೆ ತನ್ನೊಳಗಿನ ಪುಟ್ಟ ಬ್ಯಾಟರಿಯಿಂದ ಎಚ್ಚರಗೊಳ್ಳುತ್ತದೆ. ತೆಗೆದದ್ದನ್ನು ಬೇರೆಯಾಗಿ ಎತ್ತಿಡುತ್ತದೆ. ಅಲ್ಲಿದ್ದದ್ದು ಒಂದೇ ತುಣುಕು, ಗುರುವಾರ ಹತ್ತು ಗಂಟೆ ಇಪ್ಪತ್ತು ನಿಮಿಷದ್ದು. ಪರದೆಯ ಮೇಲೆ ಟಗರಿನ ಹಗ್ಗ ಹಿಡಿದವನೊಬ್ಬ ಗೋಡೆಯಾಚೆ ಇಣುಕಿದ, ಎಡಕ್ಕೂ ಬಲಕ್ಕೂ ನೋಡಿದ, ಆಮೇಲೆ ನೇರ ಕ್ಯಾಮೆರಾದತ್ತ ಮುಖ ತಿರುಗಿಸಿದ.