ಟೆಂತ್ ಸ್ಟ್ರೀಟಿನ ಮುದ್ದೆಮಾಲು

ನವೆಂಬರ್ ತಿಂಗಳ ಮೂರನೆಯ ಶನಿವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ, ಡಲ್ಲಾಸ್ ನಗರದ ಓಕ್ ಕ್ಲಿಫ್ ಭಾಗದ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರುದಾರ ಶ್ರೀಕರ್, ವಯಸ್ಸು ನಲವತ್ತೊಂದು, ವಾಸ ಫ್ಲವರ್ ಮೌಂಡ್. ಕಳುವಾದ ವಸ್ತು, ರಿವಾಲ್ವರ್ ಒಂದು.

ರಿವಾಲ್ವರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಡಿಟೆಕ್ಟಿವ್ ಸುಚೇತಾ ಕಾಫಿ ಲೋಟ ಕೆಳಗಿಟ್ಟು ಎದ್ದು ಬಂದಳು. ದೂರುದಾರನ ಹೆಸರು, ಊರು ಕೇಳಿ ಕನ್ನಡದಲ್ಲೇ ಮಾತಿಗೆ ತೊಡಗಿದಳು.

“ಲೈಸೆನ್ಸ್?”

“ಖರೇ ರಿವಾಲ್ವರ್ ಅಲ್ರಿ ಮೇಡಂ. ಕಬ್ಬಿಣದ್ದು, ಆದ್ರ ಆಟಿಗಿ ಸಾಮಾನು. ಗುಂಡು ಹಾರೂದಿಲ್ಲ.”

“ಆಟಿಕೆ ಅಂದ್ರ ಇಲ್ಲಿಯ ಕಾನೂನಿನಂತೆ ತುದಿಗೆ ಕಿತ್ತಳೆ ಬಣ್ಣ ಇರಬೇಕಲ್ಲ?”

ಶ್ರೀಕರ್ ನೆಲ ನೋಡಿದ. “ಕರೀ ಪೇಂಟ್ ಹೊಡದೀನ್ರಿ. ಒರಿಜಿನಲ್ ಕಾಣ್ಲಿ ಅಂತ.”

ನಿಜವಾದ ಬಂದೂಕು ಹಿಡಿದವನಿಗೆ ತನ್ನ ಕೈಯಲ್ಲಿರುವುದು ಏನೆಂಬ ಎಚ್ಚರವಾದರೂ ಇರುತ್ತದೆ. ಆಟಿಕೆ ಹಿಡಿದವನಿಗೆ ಅದೂ ಇರುವುದಿಲ್ಲ. ಎದುರು ನಿಂತ ಪೊಲೀಸಿನವನಿಗೋ ಎರಡರ ಭೇದ ತಿಳಿಯಲು ಕಣ್ಣೆವೆ ಮಿಟುಕಿಸುವಷ್ಟು ಹೊತ್ತೂ ಸಿಗುವುದಿಲ್ಲ. ಹಗ್ಗವನ್ನು ಹಾವೆಂದು ತಿಳಿದು ಬಡಿದರೆ ಹಗ್ಗಕ್ಕೆ ನೋವಿಲ್ಲ; ಇಲ್ಲಿ ಏಟು ಬೀಳುವುದು ಹಗ್ಗ ಹಿಡಿದವನಿಗೆ.

ಶ್ರೀಕರ್ ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ಶನಿವಾರ ಬಂತೆಂದರೆ ಕನ್ನಡದ ಕುಟುಂಬಗಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ‘ಹಂತಕನ ಹಾದಿ’ ತೋರಿಸುತ್ತಾನೆ. ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ಅಮೆರಿಕದ ಅಧ್ಯಕ್ಷರ ಮೇಲೆ ಗುಂಡು ಹಾರಿದ ಕಟ್ಟಡ, ಹಂತಕ ಬಸ್ಸು ಬಿಟ್ಟು ಟ್ಯಾಕ್ಸಿ ಹತ್ತಿದ ರಸ್ತೆ, ಅವನು ಬಾಡಿಗೆಗಿದ್ದ ಕೋಣೆ, ಓಡುವ ದಾರಿಯಲ್ಲಿ ತನ್ನನ್ನು ತಡೆದ ಒಬ್ಬ ಪೊಲೀಸನನ್ನು ಕೊಂದ ಟೆಂತ್ ಸ್ಟ್ರೀಟಿನ ಮೂಲೆ, ಕಡೆಗೆ ಸಿಕ್ಕಿಬಿದ್ದ ಚಿತ್ರಮಂದಿರ. ಟೆಂತ್ ಸ್ಟ್ರೀಟಿನಲ್ಲಿ ಶ್ರೀಕರ್ ಆ ಪ್ರಸಂಗವನ್ನು ಆಡಿ ತೋರಿಸುತ್ತಾನೆ. ರಿವಾಲ್ವರ್ ಬೇಕಾದದ್ದು ಅದಕ್ಕೆ.

ಠಾಣೆಯ ಅಂಗಳದಲ್ಲಿ ವ್ಯಾನ್ ನಿಂತಿತ್ತು. ಹ್ಯೂಸ್ಟನ್ ಕಡೆಯ ದ ವುಡ್‌ಲ್ಯಾಂಡ್ಸ್‌ನಿಂದ ಬಂದ ಪ್ರವಾಸಿಗರು ಕಿಟಕಿಯಲ್ಲಿ ಸಾಲಾಗಿ ಮುಖ ಇಟ್ಟಿದ್ದರು.

“ಏನಪ್ಪಾ ಶ್ರೀಕರ್, ಆ ಹಂತಕನೇ ನಿನಗಿಂತ ಬೇಗ ಊರು ಸುತ್ತಿದ್ದ,” ಎಂದರು ಒಬ್ಬ ಆಂಟಿ. “ಪೊಲೀಸ್ ಸ್ಟೇಷನ್ನೂ ಟೂರಲ್ಲಿ ಸೇರಿದೆಯಾ?”

ಯಾರೂ ನಗಲಿಲ್ಲ.

ಸುಚೇತಾ ಸ್ಥಳ ಪರಿಶೀಲನೆಗೆ ತೊಡಗಿದಳು. ವ್ಯಾನಿನ ಬೀಗ ಮುರಿದಿರಲಿಲ್ಲ. ಟ್ಯಾಬ್ಲೆಟ್ ಇತ್ತು, ಆಟಕ್ಕೆ ಬಳಸುವ ಪೊಲೀಸ್ ಟೋಪಿ ಇತ್ತು, ಭಕ್ಷೀಸಿನ ಡಬ್ಬಿ ತುಂಬಿಯೇ ಇತ್ತು. ರಿವಾಲ್ವರ್ ಇಡುವ ಪೆಟ್ಟಿಗೆ ಮಾತ್ರ ಬರಿದು. ಅದರ ಒಳಗೆ ಬಿಳಿ ದಾರದ ಒಂದು ತುಂಡು ಅಂಟಿಕೊಂಡಿತ್ತು. ಮುಚ್ಚಳದ ಮೇಲೆ ಕೆಂಪು ಮೇಣದ ದುಂಡನೆಯ ಕಲೆ. ಅದರ ನಡುವೆ ಏನೋ ಒತ್ತಿದ ಗುರುತು. ಅವಳು ಕೈಗವಸು ತೊಟ್ಟು ಟಾರ್ಚು ಹಿಡಿದಳು. ಭಾರತದ ನಾಣ್ಯದ ಸಿಂಹಮುದ್ರೆ, ಅರ್ಧ ಮೂಡಿತ್ತು. ಮೂಸಿ ನೋಡಿದಳು. ಮಕ್ಕಳು ಚಿತ್ರಕ್ಕೆ ಬಣ್ಣ ತುಂಬುವ ಕ್ರೇಯಾನಿನ ವಾಸನೆ.

ಅವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತಳು. ಹುಬ್ಬಳ್ಳಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದ ಅವಳ ಅಪ್ಪ ಜಪ್ತಿ ಮಾಡಿದ ಮಾಲನ್ನು, ಅಂದರೆ ಮುದ್ದೆಮಾಲನ್ನು, ಹೀಗೆಯೇ ಕಟ್ಟಿಸುತ್ತಿದ್ದರು. ಬಿಳಿ ಬಟ್ಟೆ ಸುತ್ತಿ, ಸೂಜಿ ದಾರದಿಂದ ಹೊಲಿದು, ಅರಗು ಸುರಿದು, ಮುದ್ರೆ ಒತ್ತಬೇಕು. ಅದೂ ಮಾಲು ಸಿಕ್ಕ ಜಾಗದಲ್ಲೇ, ಇಬ್ಬರು ಸಾಕ್ಷಿಗಳ, ಅಂದರೆ ಪಂಚರ, ಕಣ್ಣೆದುರಿಗೇ ಆಗಬೇಕು. ಅದಕ್ಕೇ ಪಂಚನಾಮೆ ಎಂದು ಹೆಸರು. ಇಲ್ಲಿ ಪೆಟ್ಟಿಗೆಯ ಮೇಲೆ ಬಿದ್ದದ್ದು, ಮುದ್ರೆ ಸರಿಯಾಗಿ ಕೂರುತ್ತದೆಯೋ ಇಲ್ಲವೋ ಎಂದು ನೋಡಿದ ಮೊದಲ ಒತ್ತು.

ಇದು ಕಳ್ಳತನವಲ್ಲ, ಜಪ್ತಿ.

“ಶ್ರೀಕರ್, ನಿಮ್ಮನ್ಯಾಗ ಪೊಲೀಸ್ ಖಾತೇದಾಗ ಇದ್ದವರು ಯಾರು?”

“ಅಪ್ಪಾರಿ. ಗದಗಿನ್ಯಾಗ ಹೆಡ್ ಕಾನ್‌ಸ್ಟೇಬಲ್ ಆಗಿ ರಿಟೈರ್ ಆದ್ರು. ಈಗ ನಮ್ಮ ಕಡೆ ಬಂದು ಎರಡು ತಿಂಗಳಾತು.”

“ಎಲ್ಲಿದ್ದಾರ ಈಗ?”

ಶ್ರೀಕರ್ ಮನೆಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದ. ಹೆಂಡತಿ ಅನನ್ಯಾ ಮೈಸೂರಿನವಳು. “ಮಾವನವರಾ? ಗೋವಿಂದರಾಜು ಅಂಕಲ್ ಜೊತೆ ದೇವಸ್ಥಾನಕ್ಕೆ ಹೋಗ್ತೀನಿ ಅಂತ ಹೊರಟ್ರು. ಅವರ ಫೋನ್ ಇಲ್ಲೇ ಚಾರ್ಜಿಗಿದೆ ನೋಡಿ. ಯಾಕೆ, ಏನಾಯ್ತು?”

ಗೋವಿಂದರಾಜು ಫಾರ್ಮರ್ಸ್ ಬ್ರಾಂಚಿನಲ್ಲಿ ಮಗಳ ಮನೆಗೆ ಬಂದಿದ್ದ ಹಿರಿಯರು. ಪಾರ್ಕಿನಲ್ಲಿ, ದೇವಸ್ಥಾನದಲ್ಲಿ ಶ್ರೀಕರ್‌ನ ಅಪ್ಪ ಗದಿಗೆಪ್ಪನವರಿಗೆ ಜೊತೆಗಾರರು. ಮೂರನೆಯ ಸಲಕ್ಕೆ ಫೋನ್ ಎತ್ತಿದರು.

“ನಾನು ಡಲ್ಲಾಸ್ ಪೊಲೀಸ್ ಡಿಟೆಕ್ಟಿವ್ ಸುಚೇತಾ. ಗದಿಗೆಪ್ಪನವರು ನಿಮ್ಮ ಜೊತೆ ಇದ್ದಾರಾ?”

“ಪೊಲೀಸಾ? ಅಯ್ಯೋ, ನಾವು ಯಾವ ತಪ್ಪೂ ಮಾಡಿಲ್ಲಮ್ಮ. ನಾನು ಬರೀ ಪಂಚ.”

“ಇನ್ನೊಬ್ಬ ಪಂಚರು ಯಾರು?”

“ನಮ್ಮನೆಯವಳೇ. ನಿನ್ನೆ ಸಂಜೆ ವ್ಯಾನ್ ಹತ್ತಿ ಕೂತು ನೋಡಿದ್ವಿ. ಆಟದ ಸಾಮಾನಿಗೆ ಇಷ್ಟೆಲ್ಲ ಯಾಕ್ರೀ ಅಂದ್ರೆ ಗದರಿಸಿಬಿಟ್ರು. ಮೊಮ್ಮಗಳ ಕ್ರೇಯಾನ್ ಕರಗಿಸಿ ಸೀಲ್ ಮಾಡಿದ್ರು.”

“ಈಗ ಅವರೆಲ್ಲಿ?”

“ಕ್ಯಾಬ್ ಬುಕ್ ಮಾಡಿಕೊಡಿ ಅಂದ್ರು, ನನ್ನ ಫೋನಲ್ಲೇ ಮಾಡಿಕೊಟ್ಟೆ. ಆ ಪೊಲೀಸಿನವನು ಸತ್ತ ಜಾಗಕ್ಕೆ. ಮಾಲು ಯಾವ ಸರಹದ್ದಿಗೆ ಸೇರಿದ್ದೋ ಅಲ್ಲೇ ಒಪ್ಪಿಸಬೇಕಂತೆ. ಸ್ಟೇಷನ್ ಎಲ್ಲಿದೆ ಗೊತ್ತಾ ಅಂದೆ. ‘ಸ್ಟೇಶನ್ ಯಾಕ, ಬೀಟಿನ ಪೊಲೀಸ ಬಂದೇ ಬರ್ತಾನ, ಅವನ ಕೈಯಾಗ ಕೊಡ್ತೀನಿ’ ಅಂದ್ರು.” ಅವರು ತಡೆದು ಹೇಳಿದರು: “ಇಳಿದು ಅರ್ಧ ಗಂಟೆ ಆಗಿದೆ ಅಂತ ತೋರಿಸ್ತಿದೆ.”

ಸುಚೇತಾ ಆಗಲೇ ಕಾರಿನತ್ತ ಓಡುತ್ತಿದ್ದಳು. ಶ್ರೀಕರ್ ಹಿಂದಿನ ಸೀಟಿಗೆ ಹತ್ತಿದ. ವೈರ್‌ಲೆಸ್‌ನಲ್ಲಿ ಅವಳು ಹೇಳಬೇಕಾದ್ದನ್ನು ಹೇಳುವ ಮೊದಲೇ ಆ ಕಡೆಯಿಂದ ಮಾತು ಬಂತು. ಟೆಂತ್ ಸ್ಟ್ರೀಟಿನ ಮೂಲೆಯಲ್ಲಿ ವಯಸ್ಸಾದ ಗಂಡಸೊಬ್ಬ ಅತ್ತಿಂದಿತ್ತ ತಿರುಗಾಡುತ್ತಿದ್ದಾನೆ, ಕೈಯಲ್ಲಿ ಬಟ್ಟೆ ಸುತ್ತಿದ ಬಂದೂಕಿನಂಥ ವಸ್ತು ಇದೆ ಎಂದು ಆ ಬೀದಿಯ ಮನೆಯವರು ಫೋನ್ ಮಾಡಿದ್ದಾರೆ. ಆಫೀಸರ್ ಕೋಲ್ ಹೊರಟಿದ್ದಾರೆ.

ಕೋಲ್. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಹುಡುಗ. ಒಳ್ಳೆಯವನು, ಆದರೆ ಹೆದರುವವನು.

“ಬಂದೂಕು ನಕಲಿ. ವ್ಯಕ್ತಿಗೆ ಇಂಗ್ಲಿಷ್ ಬರುವುದಿಲ್ಲ. ಗುಂಡು ಹಾರಿಸಬೇಡಿ,” ಎಂದು ಇಂಗ್ಲಿಷಿನಲ್ಲಿ ಎರಡೆರಡು ಸಲ ಹೇಳಿದಳು. ಕೋಲ್‌ನಿಂದ ಉತ್ತರವಿಲ್ಲ. ಅವನು ಕಾರಿನಿಂದ ಇಳಿದುಬಿಟ್ಟಿದ್ದಾನೆ ಎಂದಾಯಿತು.

“ಮೇಡಂ, ಅಪ್ಪಗ ಬರೂದು ‘ಸರ್’, ‘ಥ್ಯಾಂಕ್ಯೂ’ ಅಷ್ಟರೀ,” ಎಂದ ಶ್ರೀಕರ್. “ಖಾಕಿ ಕಂಡ್ರ ಸೀದಾ ಎದುರಿಗೆ ಹೋಗ್ತಾರ. ನಮ್ಮವರು ಅಂತ.”

ಸುಚೇತಾ ಸೈರನ್ ಹಾಕಿ ಕಾರಿನ ವೇಗ ಹೆಚ್ಚಿಸಿದಳು. ಅಂದು ಆ ಮೂಲೆಯಲ್ಲಿ ಪೊಲೀಸನೊಬ್ಬ ಕಾರು ನಿಲ್ಲಿಸಿ ಒಬ್ಬ ದಾರಿಹೋಕನನ್ನು ಕರೆದಿದ್ದ. ಅಂದು ಸತ್ತವನು ಪೊಲೀಸ. ಇಂದೂ ಅದೇ ಮೂಲೆ, ಅದೇ ಬಗೆಯ ಭೇಟಿ. ಕಾಲವೆಂಬ ಗಾಣದೆತ್ತು ತುಳಿದ ಜಾಗವನ್ನೇ ತುಳಿಯುತ್ತದೆ. ಅದರ ಕಾಲಡಿಗೆ ಯಾರು ಸಿಕ್ಕುತ್ತಾರೋ ಬಲ್ಲವನು ಶಿವನೊಬ್ಬನೇ. ‘ಎರಡು ಉಸಿರು ತಡೆಯಪ್ಪಾ ತಂದೆ,’ ಎಂದಳು. ಕೇಳಿದ್ದು ಕೋಲ್‌ನನ್ನೋ ಗದಿಗೆಪ್ಪನವರನ್ನೋ ದೇವರನ್ನೋ ಅವಳಿಗೇ ತಿಳಿಯಲಿಲ್ಲ.

ಮೂಲೆ ತಿರುಗಿದಾಗ ಕೋಲ್ ತನ್ನ ಕಾರಿನ ಬಾಗಿಲ ಮರೆಯಲ್ಲಿ ನಿಂತು ಎರಡೂ ಕೈಯಲ್ಲಿ ಪಿಸ್ತೂಲು ಚಾಚಿದ್ದ. “ಡ್ರಾಪ್ ಇಟ್! ಡ್ರಾಪ್ ಇಟ್!” ಕೂಗು ಕೀರಲಾಗಿತ್ತು. ಎದುರಿಗೆ ಸ್ವೆಟರ್ ತೊಟ್ಟು, ಹೆಗಲ ಮೇಲೆ ವಸ್ತ್ರ ಹಾಕಿಕೊಂಡ ಎತ್ತರದ ಮುದುಕ. ಬಿಳಿ ಗಂಟನ್ನು ಎರಡೂ ಅಂಗೈ ಮೇಲೆ, ದೇವರಿಗೆ ಎಡೆ ಒಯ್ಯುವವರ ಹಾಗೆ, ಮುಂದೆ ಹಿಡಿದು ಹೆಜ್ಜೆ ಮೇಲೆ ಹೆಜ್ಜೆ ಇಡುತ್ತ ಬರುತ್ತಿದ್ದರು. ಬಟ್ಟೆಯೊಳಗಿನ ಆಕಾರ ಕುರುಡನಿಗೂ ಕಾಣುವಂತಿತ್ತು.

“ಅಪ್ಪಾ!” ಎಂದು ಶ್ರೀಕರ್ ಕಿರುಚಿದ. ಮುದುಕರು ದನಿ ಬಂದತ್ತ ತಿರುಗಿದರು. ಅವರ ಕೈಯ ಗಂಟೂ ತಿರುಗಿತು. ಕೋಲ್‌ನ ಭುಜ ಬಿಗಿಯಿತು.

ಸುಚೇತಾ ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ, ಕವಾಯತು ಮೈದಾನದಲ್ಲಿ ಅಪ್ಪ ಕೂಗುತ್ತಿದ್ದಂತೆ ಕೂಗಿದಳು. “ಹವಾಲ್ದಾರ್ ಗದಿಗೆಪ್ಪ! ಸಾವ್‌ಧಾನ್!”

ಎರಡು ಹಿಮ್ಮಡಿ ಒಂದಕ್ಕೊಂದು ಬಡಿದ ಸದ್ದು ಬೀದಿಗೆಲ್ಲ ಕೇಳಿತು. ಮುದುಕರು ಕಂಬವಾಗಿ ನಿಂತರು. ಗಂಟು ಎದೆಗೆ ಹತ್ತಿತ್ತು.

“ಮಾಲು ನೆಲಕ್ಕಿಡ್ರಿ!”

“ನೆಲಕ್ಕ ಹೆಂಗ ಇಡ್ಲಿರೀ ಸಾಹೇಬ್ರ?” ಕಣ್ಣು ಅತ್ತಿತ್ತ ಹೊರಳಿಸದೆ ಅವರು ಕೇಳಿದರು. “ಮುದ್ದೆಮಾಲು ಅದ. ಈ ಹುಡುಗ ಒಗಿ ಒಗಿ ಅನ್ನಾಕತ್ತಂಗ ಕಾಣ್ತದ. ಕೇಸಿನ ಮಾಲು ಒಗೀತಾರೇನ್ರಿ?”

“ಈ ಸರಹದ್ದು ನಂದು. ನಾ ತೊಗೊಳ್ಳಾಕ ಬಂದೀನಿ. ಕೆಳಗಿಟ್ಟು ಮೂರು ಹೆಜ್ಜಿ ಹಿಂದ ಸರೀರಿ.”

ಅವರು ಯೋಚಿಸಿದರು. ಒಂದು ಕೈಯನ್ನು ಮೆಲ್ಲಗೆ ಹೆಗಲಿನತ್ತ ಒಯ್ದರು. “ಕೋಲ್, ಅದು ಟವೆಲ್! ಬರೀ ಟವೆಲ್!” ಎಂದು ಸುಚೇತಾ ಇಂಗ್ಲಿಷಿನಲ್ಲಿ ಅರಚಿದಳು. ಮುದುಕರು ವಸ್ತ್ರವನ್ನು ರಸ್ತೆಯ ಮೇಲೆ ಹಾಸಿ, ಮಲಗಿದ ಮಗುವನ್ನು ಇಳಿಸುವಂತೆ ಗಂಟನ್ನು ಅದರ ಮೇಲಿಟ್ಟು, ಹಿಂದೆ ಸರಿದು, ಸೆಲ್ಯೂಟ್ ಹೊಡೆದರು. ಕೋಲ್ ಪಿಸ್ತೂಲು ಇಳಿಸಿ ಕಾರಿನ ಬಾನೆಟ್ಟಿಗೆ ಒರಗಿ ಬಾಗಿದ. ಬೆಳಗಿನ ತಿಂಡಿಯೆಲ್ಲ ಹೊರಗೆ ಬಂತು.

ಹತ್ತು ಐವತ್ತೆರಡಕ್ಕೆ ಬಂಧನ; ಬೀದಿಯಲ್ಲಿ ಭಯ ಹುಟ್ಟಿಸಿದ ಆರೋಪ. ಕೈಕೋಳ ತೊಡಿಸುವಾಗ ಮುದುಕರು ತಾವೇ ಎರಡೂ ಕೈ ಹಿಂದಕ್ಕೆ ಕೊಟ್ಟರು.

“ಕಂಪ್ಲೇಂಟ್ ವಾಪಸ್ ತೊಗೋತೀನ್ರಿ ಮೇಡಂ,” ಎಂದು ಶ್ರೀಕರ್ ಗೋಗರೆದ. “ಅರೆಸ್ಟ್ ಅಂತ ಬರದ್ರ ಮುಂದ ಅಪ್ಪಗ ವೀಸಾ ಸಿಗಲಿಕ್ಕಿಲ್ರಿ.”

“ಬೀದಿಯವರು ಫೋನ್ ಮಾಡಿದ್ದಾರ, ಆಫೀಸರ್ ಪಿಸ್ತೂಲು ಎತ್ಯಾರ. ಇನ್ನ ಇದು ನಿಮ್ಮ ಕೈಯಾಗೂ ಇಲ್ಲ, ನನ್ನ ಕೈಯಾಗೂ ಇಲ್ಲ. ವಕೀಲರನ್ನ ನೋಡ್ರಿ. ನಾ ಕಂಡದ್ದನ್ನ ಕಂಡಂಗ ಬರೀತೀನಿ. ಅದು ಅವರಿಗೆ ಒಳ್ಳೇದ ಮಾಡ್ತದ.”

ಠಾಣೆಯ ಪುಟ್ಟ ಕೋಣೆಯಲ್ಲಿ, ಆರೋಪಿಗೆ ಇರುವ ಹಕ್ಕುಗಳನ್ನು ಸುಚೇತಾ ತನ್ನ ಸೇವೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಓದಿ ಹೇಳಿದಳು. “ಅಜ್ಜಾರ, ನಿಮಗ ಸುಮ್ಮನಿರೂ ಹಕ್ಕು ಅದ.”

ಗದಿಗೆಪ್ಪನವರು ನಕ್ಕರು. “ಸುಮ್ಮನಿದ್ದು ಸಾಕಾಗೇದವ್ವಾ. ಬರಕೋ.”

“ವಕೀಲರು ಬರೂ ತನಕ ತಡೀಬಹುದು.”

“ನಲವತ್ತು ವರ್ಷ ಮಂದಿ ಹೇಳಿಕಿ ಬರದೀನಿ. ಒಂದ್ಸಲ ನಂದೂ ಯಾರರೆ ಬರೀಲಿ.”

ಹೇಳಿಕೆಯ ಸಾರಾಂಶ ಇಷ್ಟು. ಮೊದಲ ಶನಿವಾರ ಮಗ ಅವರನ್ನು ವ್ಯಾನಿನಲ್ಲಿ ಕರೆದೊಯ್ದ. ಟೆಂತ್ ಸ್ಟ್ರೀಟಿನಲ್ಲಿ ಮಗ ಹಂತಕನಾಗಿ ಗುಂಡು ಹಾರಿಸಿದ. ಮರುಕ್ಷಣ ಪೊಲೀಸನ ಟೋಪಿ ತಲೆಗಿಟ್ಟು ತಾನೇ ಬಿದ್ದ. ಬೀಳುವಾಗ ಟೋಪಿ ಉರುಳಿಹೋಯಿತು. ಸತ್ತ ಪೊಲೀಸ ಎದ್ದು ಟೋಪಿಯ ಹಿಂದೆ ಓಡಿದ, ಹಿಡಿದು ಮತ್ತೆ ಹಾಕಿಕೊಂಡು ಮತ್ತೆ ಸತ್ತ. ವ್ಯಾನಿನ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಪ್ರತಿ ಶನಿವಾರವೂ ಅದೇ ಆಟ, ಅದೇ ನಗು.

“ನಿಮ್ಮ ಮಗಗ ಹೇಳಲಿಲ್ಲೇನು?”

“ಹೇಳ್ದೆ. ‘ಅಪ್ಪಾ, ಮಂದಿ ನಗಬೇಕು, ಇಲ್ಲಂದ್ರ ಬ್ಯಾಸರಾಗ್ತಾರ’ ಅಂದ. ನನ್ನ ಮಗ ಕೆಟ್ಟಾವಲ್ಲ ತಾಯಿ. ಅವಗ ಗೊತ್ತಿಲ್ಲ.” ಅವರು ಮೇಜಿನ ಅಂಚು ಸವರಿದರು. “ನಮ್ಮ ಠಾಣೇದಾಗ ಸಂಗಮೇಶ ಅಂತ ಇದ್ದ. ನಾಕಾಬಂದಿ ಡ್ಯೂಟಿಯೊಳಗ ಒಂದು ಲಾರಿ ತಡದ. ಲಾರಿ ನಿಲ್ಲಲಿಲ್ಲ. ಸುದ್ದಿ ಹೇಳಾಕ ಅವನ ಮನಿಗೆ ನನ್ನಽ ಕಳಿಸಿದ್ರು. ಅವನ ಹೆಂಡತಿ ಅಳಲಿಲ್ಲ. ‘ಅವರ ಟೋಪಿ ಎಲ್ಲದರೀ?’ ಅಂದ್ಲು. ಆ ಲಾರಿ ಹಾದಿಯೊಳಗ ನಾ ಹಗಲೆಲ್ಲ ಮುಳ್ಳುಕಂಟಿ ಸರಿಸಿ ಹುಡಿಕಿದೆ.”

ಕೋಣೆಯ ಹೊರಗೆ ಬಾಗಿಲ ಸಂದಿನಲ್ಲಿ ಶ್ರೀಕರ್ ನಿಂತಿದ್ದ. ಅವನು ಎಷ್ಟು ಹೊತ್ತಿನಿಂದ ಅಲ್ಲಿದ್ದನೋ ಸುಚೇತಾ ಗಮನಿಸಿರಲಿಲ್ಲ. ಒಳಗೆ ಬಾ ಎಂದು ಕಣ್ಣಿನಲ್ಲೇ ಹೇಳಿದಳು. ಅವನು ಬರಲಿಲ್ಲ, ಹೋಗಲೂ ಇಲ್ಲ.

“ಒಂದು ಮಾತು ಅಜ್ಜಾರ,” ಎಂದಳು ಅವಳು. “ಮಂದಿ ನಗ್ತಿದ್ದದ್ದು ಟೋಪಿಗೆ. ನೀವು ರಿವಾಲ್ವರ್ ಜಪ್ತಿ ಮಾಡಿ ಟೋಪಿ ವ್ಯಾನಿನ್ಯಾಗಽ ಬಿಟ್ಟೀರಲ್ಲ. ಯಾಕ?”

ಗದಿಗೆಪ್ಪನವರು ಅವಳನ್ನು, ಕೆಲಸಕ್ಕೆ ಹೊಸದಾಗಿ ಸೇರಿದವರನ್ನು ನೋಡುವಂತೆ, ಕನಿಕರದಿಂದ ನೋಡಿದರು.

“ಟೋಪಿ ಮುದ್ದೆಮಾಲಲ್ಲವ್ವಾ,” ಎಂದರು. “ಅದನ್ನ ಸತ್ತವನ ಮನಿಯವ್ರಿಗೆ ಒಪ್ಪಸಬೇಕು.”