ಬೂದು ಗೋಡೆಯ ಬೆಳ್ಳಕ್ಕಿಗಳು

ಮೋಡಗಳು ಇನ್ನೂ ನೆಲದ ಮೇಲೇ ನಡೆದಾಡುತ್ತಿದ್ದ ಕಾಲವಂತೆ. ಮಂಜಿನ ನಾಡಿನಲ್ಲಿ ಒಬ್ಬ ರಾಜಕುಮಾರಿ. ಅವಳಿಗೆ ಮಾತು ಬರುತ್ತಿತ್ತು, ಕೇಳುವವರು ಮಾತ್ರ ಇರಲಿಲ್ಲ. ಅದಕ್ಕೇ ಅವಳು ಗೋಡೆಯ ಮೇಲೆ ಎರಡು ಬೆಳ್ಳಕ್ಕಿ ಬರೆಸಿಕೊಂಡು, ಮನಸ್ಸಿನಲ್ಲಿದ್ದದ್ದನ್ನೆಲ್ಲ ಅವುಗಳಿಗೇ ಹೇಳುತ್ತಿದ್ದಳಂತೆ. ಒಂದು ದಿನ ಆ ಬೆಳ್ಳಕ್ಕಿಗಳು...

"ಆಮೇಲೆ ಏನಾಯ್ತಜ್ಜಿ?"

"ನಮ್ಮ ಗೋಡೆ ಮೇಲೂ ಬೆಳ್ಳಕ್ಕಿ ಬರ್ಲಿ, ಹೇಳ್ತೀನಿ."

ನನ್ನಜ್ಜಿ ಸಿದ್ದಗಂಗಮ್ಮ ಈ ಕಥೆಯನ್ನು ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಿದ್ದಳು. ನನ್ನ ಬಾಲ್ಯವೆಲ್ಲ ಆ ಅರ್ಧ ಕಥೆಯಲ್ಲೇ ಕಳೆಯಿತು.

ಮೂಡಿಗೆರೆಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಗೊತ್ತಾದ ದಿನ, ಆಲ್ದೂರಿನ ನಮ್ಮ ಪಡಸಾಲೆ ಅಮ್ಮನ ಕಣ್ಣಿಗೆ ಒಮ್ಮೆಲೇ ಚಿಕ್ಕದಾಗಿ, ಮಾಸಲಾಗಿ ಕಂಡಿತು. ನಾಲ್ಕು ಜನ ಕುಳಿತರೆ ಐದನೆಯವರಿಗೆ ಹೊಸ್ತಿಲೇ ಗತಿ, ಅಷ್ಟೇ ಜಾಗ. ಬಣ್ಣ ಬಳಿಸೋಣವೆಂದರೆ ಯುದ್ಧದ ಕಾಲ. ಅಂಗಡಿಗಳಲ್ಲಿ ಬಣ್ಣದ ಪುಡಿಯೇ ಇಲ್ಲ. ಇದ್ದದ್ದು ಒಲೆಯ ಬೂದಿ ಮತ್ತು ಸುಣ್ಣ.

"ಬೂದಿ ಬಳಿದ ಗೋಡೆ ಮುಂದೆ ಹೆಣ್ಣು ತೋರ್ಸೋದಾ ಅತ್ತೆ? ಸೂತಕದ ಮನೆ ಅಂದ್ಕೊಳ್ತಾರೆ!" ಎಂದಳು ಅಮ್ಮ.

ಅಜ್ಜಿ ತನ್ನ ಹಣೆಯ ವಿಭೂತಿ ಮುಟ್ಟಿ ತೋರಿಸಿದಳು. "ಶಿವ ಮೈತುಂಬ ಬಳ್ಕೊಂಡಿದ್ದಾನೆ, ನಿನ್ನ ಗೋಡೆಗೆ ಆಗಲ್ವಾ? ಬೂದು ಬಳಿಸಿ, ಮೇಲೆ ಬಿಳಿ ಬೆಳ್ಳಕ್ಕಿ ಬರೆಸೋಣ. ಷಡಕ್ಷರೀಗೆ ಹೇಳಿ ಕಳ್ಸು."

ಷಡಕ್ಷರಿ ಪಕ್ಕದ ಎಸ್ಟೇಟಿನ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವನು. ಕಾಫಿ ಮೂಟೆಗಳ ಮೇಲೆ ತೋಟದ ಗುರುತು ಬರೆಯುವ ಕೈ ಅವನದು. ಕಾಫಿ ವ್ಯಾಪಾರದ ನನ್ನಪ್ಪಯ್ಯ, ಬಸವರಾಜಪ್ಪ, ಅವನನ್ನು ಮನೆಯ ಮಗನಂತೆ ನಂಬಿದ್ದರು. ಮೂಟೆಯ ಗಾಡಿಯೊಂದಿಗೆ ಬಂದಾಗಲೆಲ್ಲ ಅವನಿಗೆ ನಮ್ಮಲ್ಲೇ ಊಟ. ಊಟದ ನಡುವೆ ತಲೆಯೆತ್ತಿ ನನ್ನನ್ನು ನೋಡುತ್ತಿದ್ದ. ನಾನು ನೋಡಿದ ಕೂಡಲೇ ಉಪ್ಪಿನಕಾಯಿ ನೋಡುತ್ತಿದ್ದ. ನಮ್ಮ ಮನೆಯ ಉಪ್ಪಿನಕಾಯಿಯನ್ನು ಅಷ್ಟು ಪ್ರೀತಿಯಿಂದ ನೋಡಿದವರು ಇನ್ನೊಬ್ಬರಿಲ್ಲ.

ನೆಂಟರು ಬರುವ ಹಿಂದಿನ ದಿನ ಮಧ್ಯಾಹ್ನ ಅವನು ಬಂದ. ಜರಡಿ ಹಿಡಿದ ಬೂದಿಯನ್ನು ಅಂಟಿನ ನೀರಿನಲ್ಲಿ ಕಲಸಿ ಗೋಡೆಗೆ ಬಳಿದ. ಅದು ಆರುವ ಮೊದಲೇ ನಾರಿನ ಕುಂಚವನ್ನು ಸುಣ್ಣದಲ್ಲಿ ಅದ್ದಿ ಗೆರೆ ಎಳೆಯತೊಡಗಿದ. ನಾನು ಸುಣ್ಣದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅಜ್ಜಿ ಮೂಲೆಯಲ್ಲಿ ತೂಕಡಿಸುತ್ತಿದ್ದಳು, ಅಥವಾ ಹಾಗೆ ತೋರಿಸಿಕೊಳ್ಳುತ್ತಿದ್ದಳು.

"ಏನೂ ಕಾಣ್ತಾನೇ ಇಲ್ವಲ್ಲ," ಎಂದೆ.

"ಸುಣ್ಣ ಹಾಗೇ. ಹಸಿ ಇದ್ದಾಗ ಗುಟ್ಟು ಬಿಡಲ್ಲ. ಒಣಗಿದ ಮೇಲೇ ಬಿಳಿ ಬರೋದು."

"ನಿಮ್ಮ ಹಾಗೆ."

ಕುಂಚ ನಿಂತಿತು. ಅವನ ಕಿವಿಯ ತುದಿ ಕೆಂಪಾಯಿತು. "ನಾನು ನಿಧಾನ," ಎಂದ.

"ನಾಳೆ ಅಪ್ಪಯ್ಯ ಅವರ ಕೈಗೆ ವೀಳ್ಯ ಕೊಟ್ಟ ಮೇಲೆ ನೀವು ಒಣಗಿ ನನಗೇನು ಬಂತು?"

ಅವನು ನನ್ನ ಕಡೆ ತಿರುಗಿದ. ಉಪ್ಪಿನಕಾಯಿ ಇಲ್ಲದ ಜಾಗ. ನೋಟ ಓಡಿಹೋಗಲು ದಾರಿಯಿರಲಿಲ್ಲ. "ವಸಂತಾ, ನಿಮ್ಮಪ್ಪಯ್ಯ ನನ್ನ ನಂಬಿ ಒಳಗೆ ಬಿಟ್ಕೊಂಡಿದ್ದಾರೆ. ನಾನು ಬಾಯಿ ಬಿಟ್ರೆ ಈ ಮನೆ ಬಾಗಿಲೇ ಮುಚ್ಚಿ ಹೋಗತ್ತೆ."

"ಬಿಡದಿದ್ರೆ ನಾನೇ ಹೋಗ್ತೀನಿ."

ಅವನು ನನ್ನ ಬಟ್ಟಲಿಗೆ ಕುಂಚ ಅದ್ದಿ ಗೋಡೆಗೆ ತಿರುಗಿದ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ಮೊದಲ್ನೇ ಬೆಳ್ಳಕ್ಕಿ ನಾನು ಅಂತ ಇಟ್ಕೊಳ್ಳಿ," ಎಂದೆ. "ಎರಡನೇದನ್ನ ನೀವೇ ಬರೀರಿ. ಅದು ನನ್ನ ಕಡೆ ನೋಡ್ತಿದ್ರೆ, ನೀವು ಅಪ್ಪಯ್ಯನ ಎದುರು ನಿಲ್ತೀರಿ ಅಂತ ಅರ್ಥ. ಬೆನ್ನು ತಿರುಗಿಸಿದ್ರೆ ನಾಳೆ ತಲೆ ಬಗ್ಸಿ ಒಪ್ಕೊಳ್ತೀನಿ. ಆಮೇಲೆ ನಿಮ್ಮನ್ನ ಏನೂ ಕೇಳಲ್ಲ."

"ವಸೂ, ಹೂರಣ ಅಡಿ ಹಿಡೀತಾ ಇದೆ!" ಒಳಗಿನಿಂದ ಅಮ್ಮನ ಕೂಗು.

ನಾನು ತಿರುಗಿ ಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಗೋಡೆ ಮಾತ್ರ ತುದಿಯಿಂದ ತುದಿಗೆ ಒಂದೇ ಕಡುಬೂದು.

"ಎರಡೂ ಬರ್ದ," ಎಂದಳು ಅಜ್ಜಿ. "ಒಣಗದೆ ಮಸಿ ನಿಲ್ಲಲ್ವಂತೆ. ಬೆಳಿಗ್ಗೆ ಬಂದು ಕಣ್ಣು ಇಡ್ತೀನಿ ಅಂತ ಮಾತು ಕೊಟ್ಟಿದ್ದಾನೆ."

"ಎರಡನೇದರ ಮುಖ ಯಾವ ಕಡೆ ಅಜ್ಜಿ?"

"ನನ್ನ ಕಣ್ಣಿಗೆ ಕಂಡ್ರೆ ತಾನೇ ಮಗಾ!"

ಬೆಳಗಾದರೆ ಮಂಜು. ಅಂಗಳದ ತುಳಸಿ ಕೂಡ ಕಾಣದಷ್ಟು ಮಂಜು. ಗೋಡೆ ಮುಟ್ಟಿದೆ, ಬೆರಳು ಒದ್ದೆಯಾಯಿತು. ಬಿಸಿಲು ಬರಲಿಲ್ಲ, ಷಡಕ್ಷರಿಯೂ ಬರಲಿಲ್ಲ. ಬಂದದ್ದು ಮೂಡಿಗೆರೆಯವರು.

ಅಷ್ಟರಲ್ಲಿ ಕಿಟಕಿಯ ಪಕ್ಕದ ಬೆಳ್ಳಕ್ಕಿ ಮೆಲ್ಲಗೆ ಬೆಳ್ಳಗಾಗಿತ್ತು. ಕಣ್ಣಿಲ್ಲದಿದ್ದರೂ, ಕತ್ತು ಚಾಚಿ ಯಾರನ್ನೋ ಕಾಯುವಂತಿತ್ತು. ಅವನು ಮೊದಲು ಬರೆದದ್ದು ಅದನ್ನೇ. ಅದು ನಾನು. ಮೂಲೆಯ ಕಡೆ ಇನ್ನೂ ಬರೀ ಬೂದು. ನಾನು ಅಡುಗೆಮನೆಯಿಂದ ಕೆಂಡದ ಅಗ್ಗಿಷ್ಟಿಕೆ ತಂದು ಆ ಮೂಲೆಗೆ ಇಟ್ಟೆ.

"ನೆಂಟರ ಕಡೆ ಇಡೇ!" ಅಮ್ಮ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಗೋಡೆಗೇನು ಚಳೀನಾ?"

ನಾನು ಕೇಳಿಸದವಳಂತೆ ಚಾಪೆಯ ಮೇಲೆ ಕುಳಿತೆ.

ಗಂಡಿನ ತಾಯಿ ಸರೋಜಮ್ಮ ಕಾಫಿ ಗುಟುಕರಿಸುತ್ತಾ ಗೋಡೆ ನೋಡಿದರು. "ಒಂಟಿ ಹಕ್ಕಿ ಯಾಕೆ ಬರೆಸಿದ್ರಿ?"

"ಇನ್ನೊಂದು ದಾರೀಲಿದೆ," ಎಂದಳು ಅಜ್ಜಿ.

ಅವರು ನನ್ನ ಓದು ಕೇಳಿದರು, ಹಾಡು ಕೇಳಿದರು. ಏನು ಉತ್ತರಿಸಿದೆನೋ ನನಗೇ ಗೊತ್ತಿಲ್ಲ. ಕೆಂಡದ ಕಾವಿಗೆ ಮೂಲೆಯಲ್ಲಿ ಎರಡು ಕಾಲು ಮೂಡಿದವು. ಆಮೇಲೆ ಬಾಲ. ಬಾಲ ನನ್ನ ಬೆಳ್ಳಕ್ಕಿಯ ಕಡೆಗಿತ್ತು. ಎದೆ ಮೂಡಿತು, ಅತ್ತ ಮೂಲೆಯ ಕಡೆ. ಹೆಜ್ಜೆಯೂ ಆ ಕಡೆಗೇ.

ಬೆನ್ನು ತಿರುಗಿಸಿದ್ದ.

ಮಾತು ಕೊಟ್ಟವಳು ನಾನು. ತಲೆ ಬಗ್ಗಿಸಿದೆ. ಚಾಪೆಯ ಹೆಣಿಗೆ ಕಣ್ಣೀರಿನಲ್ಲಿ ಕಲಸಿಹೋಯಿತು.

"ನಮಗೆ ಹುಡುಗಿ ಒಪ್ಪಿಗೆ," ಎಂದರು ಸರೋಜಮ್ಮ. ಅಪ್ಪಯ್ಯ ವೀಳ್ಯದ ತಟ್ಟೆ ಎತ್ತಿಕೊಂಡರು. "ನಿನಗೆ ಒಪ್ಪಿಗೆನಾ ತಾಯಿ?"

ಬೇರೆಯವರ ಮನೆಗೆ ಹೋಗುವ ಮೊದಲು ಇನ್ನೊಮ್ಮೆ ನೋಡೋಣವೆಂದು ಕಣ್ಣೆತ್ತಿದೆ.

ಆ ಹಕ್ಕಿಗೆ ಕತ್ತು ಬಂದಿತ್ತು. ಮೈಯೆಲ್ಲ ಹೊರಡಲು ನಿಂತ ಬೆಳ್ಳಕ್ಕಿ, ನೀಳವಾದ ಕತ್ತನ್ನು ಬಳುಕಿಸಿ ಹಿಂದಕ್ಕೆ ತಿರುಗಿತ್ತು. ಕೊಕ್ಕು ನೆಟ್ಟಗೆ ನನ್ನ ಕಡೆಗೆ.

"ಸ್ವಲ್ಪ ತಡೀರಿ," ಎಂದೆ.

ಅಪ್ಪಯ್ಯನ ಕೈಯಲ್ಲಿ ತಟ್ಟೆ ಅಲುಗಿತು. "ಏನು ತಡಿಯೋದು?"

"ಗೋಡೆ ಮುಗಿದಿಲ್ಲ ಅಪ್ಪಯ್ಯ."

ಗಂಡು ಓಂಕಾರಮೂರ್ತಿ ಗಂಟಲು ಸರಿಮಾಡಿಕೊಂಡ. "ಅಮ್ಮಾ, ನಾವು ಬಂದಾಗಿಂದ ಇವರು ನನ್ನ ಕಡೆ ಒಂದ್ಸಲನೂ ನೋಡಿಲ್ಲ. ನಂಗಿಂತ ಆ ಗೋಡೇನೇ ಚೆನ್ನಾಗಿರ್ಬೇಕು."

ಆಗ ಅಂಗಳದಲ್ಲಿ ಹೆಜ್ಜೆ ಕೇಳಿಸಿತು. ಮಂಜಿನೊಳಗಿಂದ ಷಡಕ್ಷರಿ ಬಂದು ಹೊಸ್ತಿಲಾಚೆ ನಿಂತ. ಕೂದಲ ಮೇಲೆ ಇಬ್ಬನಿ, ಪಂಚೆಗೆಲ್ಲ ಕಾಫಿ ಕಣದ ಕೆಸರು, ಕೈಯಲ್ಲಿ ಮಸಿಯ ಬಟ್ಟಲು.

"ಕಣದಲ್ಲಿ ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿ ಮಂಜಿಗೆ ನೆನೀತಾ ಇತ್ತು, ಎತ್ತಿಸಿ ಬರೋದ್ರಲ್ಲಿ ತಡ ಆಯ್ತು. ಕಣ್ಣು ಬಾಕಿ ಇದೆ ಸಾಹುಕಾರ್ರೇ."

"ಈಗಲಾ ಮಾರಾಯ? ಸಂಜೆ ಬಾ."

"ಸಂಜೆ ಬಂದ್ರೆ ಆಗಲ್ಲ." ಅವನು ನಿಂತಲ್ಲಿಂದ ಕದಲಲಿಲ್ಲ. "ಎರಡನೇ ಹಕ್ಕೀನ ಮೊದಲು ಬೆನ್ನು ತಿರುಗಿಸಿಯೇ ಬರ್ದೆ. ನಿಮ್ಮ ಮನೆ ಅನ್ನ ನೆನೆಸ್ಕೊಂಡು ಬರ್ದೆ. ಕತ್ತು ಬರೆಯೋ ಹೊತ್ತಿಗೆ ಕೈ ನನ್ನ ಮಾತು ಕೇಳ್ಲಿಲ್ಲ. ವಸಂತಾನ ನನಗೆ ಕೊಡಿ ಅಂತ ಕೇಳೋಕೆ ಬಂದಿದ್ದೀನಿ. ಕೊಡಲ್ಲ ಅಂದ್ರೆ ಕಣ್ಣು ಇಟ್ಟು ಹೋಗ್ತೀನಿ, ಮತ್ತೆ ಬರಲ್ಲ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸರೋಜಮ್ಮ ಮುಖ ಬಿಗಿದು ಎದ್ದು ನಿಂತರು. ಓಂಕಾರಮೂರ್ತಿ ಮೆಲ್ಲಗೆ ಅವರ ಕೈ ಹಿಡಿದ. "ಇರಮ್ಮ. ಕಣ್ಣಾದ್ರೂ ನೋಡ್ಕೊಂಡು ಹೋಗೋಣ."

ಅಪ್ಪಯ್ಯ ಗೋಡೆ ನೋಡಿದರು. ನನ್ನನ್ನು ನೋಡಿದರು. ಮತ್ತೆ ಗೋಡೆ ನೋಡಿದರು.

"ಇದು ನಿನಗೆ ಗೊತ್ತಿತ್ತಾ?"

ಎದ್ದುಹೋಗಿ ಷಡಕ್ಷರಿಯ ಕೈಯಿಂದ ಮಸಿಯ ಬಟ್ಟಲು ತೆಗೆದುಕೊಂಡೆ. ಅವಸರಕ್ಕೆ ಮಸಿ ನೆಲಕ್ಕೆ ತುಳುಕಿತು.

ಅಪ್ಪಯ್ಯ ವೀಳ್ಯದ ತಟ್ಟೆಯನ್ನು ಕೆಳಗಿಟ್ಟರು. ನಿಧಾನವಾಗಿ ನನ್ನ ಬಳಿ ಬಂದರು.

"ಕೊಡಿಲ್ಲಿ," ಎಂದರು. ದನಿ ಒರಟಾಗಿತ್ತು. "ಗೋಡೆ ಎಲ್ಲ ಮಸಿ ಮಾಡ್ತೀಯ. ಬಟ್ಟಲು ನಾನು ಹಿಡ್ಕೊಳ್ತೀನಿ." ಆಮೇಲೆ ಹೊಸ್ತಿಲ ಕಡೆ ನೋಡದೆಯೇ ಹೇಳಿದರು, "ಅಲ್ಲೇ ಯಾಕೆ ನಿಂತೆ? ಒಳಗೆ ಬಾ. ಅವಳೊಬ್ಬಳೇ ಎರಡಕ್ಕೂ ಕಣ್ಣು ಬರೀತಾಳಾ?"

ಷಡಕ್ಷರಿ ಕಡ್ಡಿ ಅದ್ದಿ, ಕಿಟಕಿಯ ಪಕ್ಕದ ಬೆಳ್ಳಕ್ಕಿಗೆ ಕಣ್ಣಿಟ್ಟ.

"ಅಜ್ಜಿ," ಎಂದೆ, "ಒಂದು ದಿನ ಆ ಬೆಳ್ಳಕ್ಕಿಗಳು ಏನು ಮಾಡಿದವು?"

"ಒಂದನ್ನೊಂದು ನೋಡಿದವಂತೆ," ಎಂದಳು ಅಜ್ಜಿ.

ನಾನು ಉಸಿರು ಬಿಗಿಹಿಡಿದು, ಹಿಂದಿರುಗಿ ನೋಡುತ್ತಿದ್ದ ಹಕ್ಕಿಗೆ ಕಣ್ಣಿಟ್ಟೆ.