ಹಾಸಿಗೆಯ ಮೇಲಿನ ಟೋಪಿ

"ಹೀಟರ್ ಎಲ್ಲಿಡ್ಲಿ ಅಮ್ಮಾ?"

"ಬಚ್ಚಲಿಗೆ ತಳ್ಳು. ಅಯ್ಯೋ ಬೇಡ, ಬೇಡ! ಅಲ್ಲೂ ಫೋಟೋ ತೆಗೀತಾರಂತೆ. ಬಟ್ಟೆ ಬೀರುವಿನೊಳಗೆ ತುರುಕು!"

ಅಜ್ಜಿಯ ಕೋಣೆಯ ಹಳೇ ಹೀಟರನ್ನು ಇರ್ಮಾ ದರದರ ಎಳೆದು ತಂದು, ಕೋಟುಗಳ ಹಿಂದೆ ತುರುಕಿ, ಬೀರುವಿನ ಬಾಗಿಲನ್ನು ಬೆನ್ನಿನಿಂದ ಒತ್ತಿ ಮುಚ್ಚಿದಳು. ಒಳಗೆ ಏನೋ ಠಣ್ ಎಂದಿತು.

ಅಜ್ಜಿ ಕೋಟು ತೊಟ್ಟು, ಸ್ಕಾರ್ಫ್ ಕಟ್ಟಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ರೈಲಿಗೆ ಕಾಯುವವಳ ಹಾಗೆ ಬಾಗಿಲ ಬಳಿ ಕೂತಿದ್ದಳು.

"ಹೀಟರ್ ಬೀರುವಿಗೆ ಹೋಯ್ತು. ಟೀವಿ ಮಂಚದ ಕೆಳಗೆ ಹೋಯ್ತು. ಔಷಧಿ ತಟ್ಟೆ ಎಲ್ಲಿಗೆ ಹೋಯ್ತೋ ದೇವರಿಗೇ ಗೊತ್ತು. ಇನ್ನು ನನ್ನನ್ನ ಎಲ್ಲಿಡ್ತೀಯೇ ಲೊರೆದಾನಾ? ಅಟ್ಟದ ಮೇಲಾ?"

"ಅಮ್ಮಾ, ಹಂಗೆಲ್ಲ ಮಾತಾಡ್ಬೇಡ. ಎದುರುಮನೆ ಪೀನಾ ಜೊತೆ ಸಂಜೆವರೆಗೆ ಇಸ್ಪೀಟು ಆಡ್ಕೊಂಡಿರು ಅಷ್ಟೆ. ನಿಂಗೆ ಇಷ್ಟ ತಾನೇ?" ಅಂದಳು ಇರ್ಮಾಳ ಅಮ್ಮ.

"ಪೀನಾ ಮೋಸ ಮಾಡ್ತಾಳೆ."

"ನೀನೂ ಮಾಡ್ತೀಯಲ್ಲ!"

"ನಾನು ಸಿಕ್ಕಿ ಬೀಳಲ್ಲ," ಎಂದು ಅಜ್ಜಿ ಎದ್ದಳು. ಅವಳ ಒಂದು ತೋಳು ಅಮ್ಮನಿಗೆ, ಇನ್ನೊಂದು ಇರ್ಮಾಗೆ. ಹಾಗೆ ಮೂವರೂ ಬೀದಿ ದಾಟಿದರು. ಬಡಗಣ ಗಾಳಿ ಬೀಸುತ್ತಿತ್ತು. ಮಾರ್ಚ್ ತಿಂಗಳಲ್ಲಿ ಗಲಾತಿನಾ ಊರಿನ ಗಾಳಿಗೆ ಹಲ್ಲಿರುತ್ತದೆ.

ಇಷ್ಟೆಲ್ಲ ಗಡಿಬಿಡಿ ಒಂದು ಪತ್ರಿಕೆಗಾಗಿ. ಚೆಂದದ ಮನೆಗಳ ಚಿತ್ರ ಹಾಕುವ, ದೂರದ ಡೆನ್ಮಾರ್ಕಿನ ದುಬಾರಿ ಪತ್ರಿಕೆ. ಅಮ್ಮ ಊರವರಿಗೆ ಪರದೆ, ಸೋಫಾದ ಕವರು ಹೊಲಿದು ಕೊಡುತ್ತಾಳೆ. ಅವಳು ತಮ್ಮ ಹಳೇ ಕಲ್ಲುಮನೆಯ ಫೋಟೋಗಳನ್ನು ಸುಮ್ಮನೆ ಕಳಿಸಿದ್ದಳು. ಒಂದು ದಿನ ಉತ್ತರ ಬಂತು: ನಾವು ಬರುತ್ತೇವೆ. ಅದರಲ್ಲೂ ಆ ಮಲಗುವ ಕೋಣೆ! ಚಾವಣಿಯಲ್ಲಿ ಕಮಾನುಗಳು ನಕ್ಷತ್ರದ ಹಾಗೆ ಕೂಡುವ ಆ ಕೋಣೆ ನಮಗೆ ಬೇಕೇ ಬೇಕು. ಅದು ಅಜ್ಜಿಯ ಕೋಣೆ.

ಅಂಥ ಪತ್ರಿಕೆಗಳೆಂದರೆ ಇರ್ಮಾಗೂ ಬಲು ಇಷ್ಟ. ಇಲ್ಲ ಅಂದರೆ ಸುಳ್ಳಾಗುತ್ತದೆ. ಅವುಗಳ ದಪ್ಪ ನುಣುಪು ಹಾಳೆ ತೆರೆದರೆ ಹೊಸ ಬೂಟಿನಂಥ ವಾಸನೆ. ಭಾನುವಾರ ಊಟವಾದ ಮೇಲೆ ತಾಯಿ ಮಗಳು ಸೋಫಾದಲ್ಲಿ ಕಾಲು ಮಡಚಿ ಕೂತು, "ಈ ಕಿಟಕಿ ನಂದು," "ಹಾಗಾದ್ರೆ ಈ ಬಾತ್‌ಟಬ್ ನಂದು" ಎಂದು ಪುಟಗಳನ್ನು ಹಂಚಿಕೊಳ್ಳುತ್ತಿದ್ದರು. ಆ ಮನೆಗಳಲ್ಲಿ ದೀಪಗಳಿಗೆ ವಯರಿಲ್ಲ. ನೆಲದ ಮೇಲೆ ಚಪ್ಪಲಿ ಬಿದ್ದಿಲ್ಲ. ಮೇಜಿನ ಮೇಲೆ ಒಂದು ಬಟ್ಟಲು, ಬಟ್ಟಲ ತುಂಬ ಬರೀ ನಿಂಬೆಹಣ್ಣು. ಹೋಂವರ್ಕ್ ಮುಗೀತಾ ಅಂತ ಯಾರೂ ಕೂಗುವುದಿಲ್ಲ.

ಪತ್ರಿಕೆಯವರು ಬಂದರು. ಕ್ಯಾಮರಾ ಹಿಡಿದ, ಮಾತೇ ಆಡದ ಒಬ್ಬ ಗಡ್ಡದವನು, ಮತ್ತು ಎತ್ತರದ ಸಿಗ್ನೆ. ಯಾವ ವಸ್ತು ಎಲ್ಲಿರಬೇಕು ಎಂದು ಹೇಳುವವಳು ಸಿಗ್ನೆ. ಅವಳಿಗೆ ಇಲ್ಲಿಯ ಭಾಷೆ ಅಷ್ಟಿಷ್ಟು ಬರುತ್ತಿತ್ತು.

"ತುಂಬ ಚೆಂದ! ತುಂಬ ಚೆಂದ! ಆದರೆ ಇದು ಹೋಗಬೇಕು."

ಅಜ್ಜಿ ಕೈಯಾರೆ ಹೆಣೆದ ಲೇಸಿನ ಹೊದಿಕೆ ಹೋಯಿತು. "ತುಂಬ ಚೆಂದ! ಇದೂ ಹೋಗಬೇಕು." ತಲೆದಿಂಬಿನ ಮೇಲಿನ ಗೋಡೆಯಲ್ಲಿದ್ದ ಮಾತೆ ಮರಿಯಳ ಪಟ ಹೋಯಿತು. ತಾತನ ಫೋಟೋ ಹೋಯಿತು. ಬೆಳಕು ಬೇಕೆಂದು ಕಿಟಕಿಗಳನ್ನು ಹಾರು ಹೊಡೆದರು. ಗಾಳಿ ಒಳನುಗ್ಗಿ ಪರದೆಗಳನ್ನು ಕುಣಿಸಿತು. ಸಿಗ್ನೆ ಚಪ್ಪಾಳೆ ತಟ್ಟಿದಳು. ಹಾಸಿಗೆಯ ಮೇಲೆ ಬಿಳೀ ಹತ್ತಿಯ ಹೊದಿಕೆ ಹರಡಿ, ಹಿಂದೆ ಸರಿದು ನಿಂತು, ತಲೆ ಓರೆ ಮಾಡಿ ನೋಡಿದಳು.

"ಏನೋ ಕಡಿಮೆ," ಎಂದಳು.

ತನ್ನ ಚೀಲದಿಂದ ಅಗಲವಾದ ಒಂದು ಹುಲ್ಲಿನ ಟೋಪಿ ತೆಗೆದಳು. ಅದನ್ನು ಅಜ್ಜಿಯ ಹಾಸಿಗೆಯ ನಟ್ಟನಡುವೆ ಇಟ್ಟಳು.

ಇರ್ಮಾ ಮುಂದಕ್ಕೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟಳು.

ಈ ಊರಲ್ಲಿ ಹಾಸಿಗೆಯ ಮೇಲೆ ಯಾರೂ ಟೋಪಿ ಇಡುವುದಿಲ್ಲ. ಮರೆತೂ ಇಡುವುದಿಲ್ಲ. ಒಂದನೇ ಕ್ಲಾಸಿನಲ್ಲಿದ್ದಾಗ ಇರ್ಮಾ ಒಮ್ಮೆ ಸ್ಕೂಲಿನಿಂದ ಬಂದವಳೇ ಉಣ್ಣೆಯ ಟೋಪಿಯನ್ನು ಹಾಸಿಗೆಗೆ ಎಸೆದಿದ್ದಳು. ಅಜ್ಜಿ ಹಾವು ಕಂಡವಳ ಹಾಗೆ ಅದನ್ನು ಚಪ್ಪಲಿಯಿಂದ ಕೆಳಕ್ಕೆ ಹೊಡೆದಳು. "ಹಿಂದೆಲ್ಲ ಡಾಕ್ಟ್ರೂ ಪಾದ್ರಿಯೂ ಮನೆಗೆ ಬಂದು, ಟೋಪಿ ತೆಗೆದು ಹಾಸಿಗೆ ಮೇಲಿಟ್ಟು ಕೂತ್ಕೊಳ್ತಿದ್ದದ್ದು ಯಾವಾಗ ಗೊತ್ತೇನೇ? ಇನ್ನು ಮಾಡೋಕೆ ಏನೂ ಉಳಿದಿಲ್ಲ ಅಂದಾಗ. ಟೋಪಿ ಹಾಸಿಗೆ ಏರಿದ್ರೆ, ಹಾಸಿಗೇಲಿ ಇರೋರು ಹೊರಟ್ರು ಅಂತ." ಅಂದವಳೇ ಬೇಗಬೇಗ ಕಿಟಕಿಯ ಸರಳು ಮುಟ್ಟಿದ್ದಳು. ಕೆಟ್ಟದ್ದು ಕಂಡರೆ ಕಬ್ಬಿಣ ಮುಟ್ಟಬೇಕು, ಅದೂ ಇಲ್ಲಿಯ ರೂಢಿ.

ಇರ್ಮಾ ಅಮ್ಮನ ಕಡೆ ನೋಡಿದಳು. ಅಮ್ಮನ ಕಣ್ಣು ಟೋಪಿಯ ಮೇಲೇ ಇತ್ತು. ಮುಖ ಸುಣ್ಣದ ಹಾಗೆ ಬಿಳುಪಾಗಿತ್ತು. ಅವಳ ಕೈ ಮೆಲ್ಲಗೆ ಏಪ್ರನ್ನಿನ ಜೇಬಿಗೆ ಇಳಿಯಿತು. ಅಲ್ಲಿ ಮನೆಯ ಕಬ್ಬಿಣದ ಬೀಗದ ಕೈಗಳಿದ್ದವು. ಕಿಣಿ ಎಂದಿತು ಗೊಂಚಲು.

"ಅಮ್ಮಾ, ಟೋಪಿ..."

"ಶ್!" ಅಂದಳು ಅಮ್ಮ.

ಕ್ಯಾಮರಾ ಕ್ಲಿಕ್ ಎಂದಿತು. ಮತ್ತೆ ಕ್ಲಿಕ್.

"ಇದೇ ಬೆಸ್ಟ್ ಫೋಟೋ!" ಅಂದಳು ಸಿಗ್ನೆ. "ದೊಡ್ಡ ಪುಟ ಇದಕ್ಕೇ!"

ಸಂಜೆ ಅಜ್ಜಿ ಬಂದಾಗ ಎಲ್ಲವೂ ತಂತಮ್ಮ ಜಾಗಕ್ಕೆ ಮರಳಿದ್ದವು. ಹೀಟರನ್ನೂ ಹಚ್ಚಿದರು. ಆದರೆ ಕಲ್ಲಿನ ಗೋಡೆಗಳು ಹಗಲಿಡೀ ಚಳಿ ಕುಡಿದಿದ್ದವು. ಕೋಣೆ ಬಾವಿಯ ತಳದಂತಿತ್ತು.

"ಯಾರೋ ಇಲ್ಲಿ ಮೀನು ಕೆಡದ ಹಾಗೆ ಇಡೋಕೆ ನೋಡಿದ್ದಾರೆ," ಅಂದಳು ಅಜ್ಜಿ, ಕೋಟು ಬಿಚ್ಚದೆಯೇ.

ಮಾರನೇ ದಿನ ಅಜ್ಜಿಗೆ ಕೆಮ್ಮು. ಅದರ ಮಾರನೇ ದಿನ ಜ್ವರ.

ಸ್ಕೂಲಿನಲ್ಲಿ ಇರ್ಮಾ ಗೆಳತಿ ಫ್ಲೋರಿಯಾನಾಳ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಫ್ಲೋರಿಯಾನಾ ಬನ್ನು ತಿನ್ನುವುದನ್ನು ಅಲ್ಲೇ ನಿಲ್ಲಿಸಿದಳು.

"ಟೋಪಿ ತೆಗೆದ್ರಾ ಆಮೇಲೆ?"

"ಹೂಂ. ಅವ್ರೇ ತಗೊಂಡು ಹೋದ್ರು."

"ಆದ್ರೆ ಫೋಟೋದಲ್ಲಿ ಇದೆಯಲ್ಲ ಕಣೇ! ಫೋಟೋದಿಂದ ಯಾರು ತೆಗೀತಾರೆ? ಅದು ಪ್ರಿಂಟ್ ಆಗುತ್ತೆ. ಎಷ್ಟು ಪುಸ್ತಕ ಪ್ರಿಂಟ್ ಆಗುತ್ತೋ ಅಷ್ಟು ಹಾಸಿಗೆ, ಅಷ್ಟು ಟೋಪಿ!"

"ಸುಮ್ನಿರೇ!"

"ನಾನೇನ್ ಮಾಡ್ಲಿ, ಇರೋದನ್ನ ಹೇಳ್ದೆ," ಅಂದ ಫ್ಲೋರಿಯಾನಾ, ತಾನೂ ಹೆದರಿ, ಡೆಸ್ಕಿನ ಕಬ್ಬಿಣದ ಕಾಲು ಮುಟ್ಟಿಕೊಂಡಳು.

ಮನೆಗೆ ಬಂದರೆ ಅಮ್ಮ ಫೋನಿನಲ್ಲಿದ್ದಳು. "ಡಾಕ್ಟ್ರು ಇವತ್ತೇ ಬರ್ಬೇಕು. ಉಸಿರು ಗೊರಗೊರ ಅಂತಿದೆ," ಅನ್ನುತ್ತಿದ್ದಳು. ಇರ್ಮಾ ಅಜ್ಜಿಯ ಬಾಗಿಲಲ್ಲಿ ನಿಂತು ನೋಡಿದಳು. ಇಷ್ಟು ದೊಡ್ಡ ಹಾಸಿಗೆಯಲ್ಲಿ ಅಜ್ಜಿ ಎಷ್ಟು ಸಣ್ಣಗೆ ಕಾಣುತ್ತಿದ್ದಳು!

"ಯಾಕೆ ಹಂಗೆ ನೋಡ್ತೀಯ? ನಾನೇನು ಟೀವಿನಾ?" ಅಂದಳು ಅಜ್ಜಿ. ಆಮೇಲೆ ಬಹಳ ಹೊತ್ತು ಕೆಮ್ಮಿದಳು.

ಇರ್ಮಾ ಹಾಲ್‌ಗೆ ಓಡಿ, ಅಮ್ಮನ ಪತ್ರಿಕೆಗಳ ರಾಶಿಯ ಮುಂದೆ ಕೂತಳು. ಬೇರೆ ಮನೆಗಳಲ್ಲೂ ಹಾಸಿಗೆ ಮೇಲೆ ಟೋಪಿ ಇದ್ದು, ಆ ಮನೆಯವರೆಲ್ಲ ಚೆನ್ನಾಗಿದ್ದರೆ? ಆಗ ಭಯವಿಲ್ಲ. ಅದನ್ನೊಂದು ನೋಡಿಬಿಡೋಣ ಎಂದು ಪುಟ ತಿರುವಿದಳು.

ಸಮುದ್ರ ಕಾಣುವ ಮನೆ. ಬಿಳೀ ಹಾಸಿಗೆ. ಅದರ ಮೇಲೆ ಟೋಪಿ.

ಆ ಮನೆಯ ಉಳಿದ ಪುಟಗಳನ್ನು ಹುಡುಕಿದಳು. ಅಡುಗೆಮನೆಯಲ್ಲಿ ಯಾರೂ ಇಲ್ಲ. ಅಂಗಳದಲ್ಲಿ ಯಾರೂ ಇಲ್ಲ. ಕುರ್ಚಿಗಳು ಖಾಲಿ.

ಇನ್ನೊಂದು ಪತ್ರಿಕೆ. ಬೆಟ್ಟದ ಮೇಲಿನ ಮನೆ. ಮರದ ಮಂಚ, ಮಂಚದ ಮೇಲೆ ನೀಲಿ ರಿಬ್ಬನ್ನಿನ ಟೋಪಿ. ಊಟದ ಮೇಜಿಗೆ ತಟ್ಟೆ ಜೋಡಿಸಿದೆ, ಉಣ್ಣುವವರಿಲ್ಲ. ಬೆಂಕಿ ಉರಿಯುತ್ತಿದೆ, ಕಾಯಿಸಿಕೊಳ್ಳುವವರಿಲ್ಲ.

ಇರ್ಮಾ ಇನ್ನೊಂದು, ಮತ್ತೊಂದು ಪತ್ರಿಕೆ ತೆರೆದಳು. ಇಷ್ಟು ಭಾನುವಾರ ನೋಡಿದರೂ ಇದು ಕಂಡೇ ಇರಲಿಲ್ಲ. ಎಲ್ಲಿಯೂ ಔಷಧಿ ಬಾಟಲಿಯಿಲ್ಲ. ಕನ್ನಡಕವಿಲ್ಲ. ಊರುಗೋಲಿಲ್ಲ. ಇಷ್ಟೊಂದು ಮನೆಗಳಲ್ಲಿ ಒಬ್ಬಳೇ ಒಬ್ಬ ಅಜ್ಜಿಯೂ ಇರಲಿಲ್ಲ.

ಅವರೆಲ್ಲ ಎಲ್ಲಿಗೆ ಹೋದರು?

ಪತ್ರಿಕೆಯನ್ನು ದಪ್ಪೆಂದು ಮುಚ್ಚಿ, ಅದರ ಮೇಲೆ ಇನ್ನಷ್ಟು ಪತ್ರಿಕೆ ಹೇರಿ, ಎಲ್ಲದರ ಮೇಲೆ ತಾನೇ ಕೂತಳು. ಒಳಗಿಂದ ಏನೋ ಹೊರಬಂದೀತು ಅನ್ನುವ ಹಾಗೆ.

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಡಾಕ್ಟರು! ಊರಿನ ಹಳೇ ಡಾಕ್ಟರು ರಜೆಯಲ್ಲಿದ್ದರು. ಅವರ ಬದಲಿಗೆ ಬಂದವನು ಪೆರ್ರೋನೆ ಎಂಬ ಹುಡುಗುಮುಖದ ಡಾಕ್ಟರು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಆಗ ತಾನೇ ತೆಗೆದ ಹೆಲ್ಮೆಟ್ಟು. ಅವಸರವಾಗಿ ಕೋಣೆಗೆ ಬಂದ. ಸ್ಟೆತೊಸ್ಕೋಪು ತೆಗೆಯಲು ಕೈ ಬಿಡುವಿರಲಿಲ್ಲ. ಹೆಲ್ಮೆಟ್ಟನ್ನು ಅಜ್ಜಿಯ ಕಾಲ ಬಳಿ, ಹಾಸಿಗೆಯ ಮೇಲೆ ಇಡಲು ಬಗ್ಗಿದ.

"ಬೇಡಾ!"

ಕೂಗಿದ್ದು ಇರ್ಮಾ ಒಬ್ಬಳೇ ಅಲ್ಲ. ಅದೇ ಗಳಿಗೆಗೆ, ಅಷ್ಟೇ ಜೋರಾಗಿ ಅಮ್ಮನೂ ಕೂಗಿದ್ದಳು. ಹೆಲ್ಮೆಟ್ಟು ಡಾಕ್ಟರನ ಕೈಜಾರಿತು. ಅದು ನೆಲ ಮುಟ್ಟುವ ಮೊದಲೇ ಅಮ್ಮ ಮುಂದೆ ಹಾರಿ, ಎರಡೂ ಕೈಯಲ್ಲಿ ಹಿಡಿದು, ಎದೆಗವಚಿಕೊಂಡಳು.

"ಇದು... ಇದು ಹೆಲ್ಮೆಟ್ಟು ಅಲ್ವಾ?" ಡಾಕ್ಟರ್ ತಬ್ಬಿಬ್ಬಾದ. "ಟೋಪಿ ಅಲ್ಲವಲ್ಲ?"

"ತಲೆ ಮೇಲೆ ಕೂರೋದೆಲ್ಲ ಟೋಪಿನೇ ಕಣಪ್ಪ," ಅಂತ ಹಾಸಿಗೆಯಿಂದ ಅಜ್ಜಿಯ ದನಿ ಬಂತು. "ನಿಮ್ಮಜ್ಜಿ ನಿಂಗೆ ಏನೂ ಕಲಿಸ್ಲಿಲ್ವಾ?"

ಡಾಕ್ಟರ್ ಕಿವಿಯವರೆಗೆ ಕೆಂಪಾಗಿ, ಅಜ್ಜಿಯ ಬೆನ್ನಿಗೆ ಸ್ಟೆತೊಸ್ಕೋಪು ಇಟ್ಟ. "ಉಸಿರು ತಗೊಳ್ಳಿ. ಇನ್ನೊಮ್ಮೆ. ಇನ್ನೊಮ್ಮೆ." ಕೋಣೆಯಲ್ಲಿ ಅಜ್ಜಿಯ ಉಸಿರೊಂದೇ ಕೇಳುತ್ತಿತ್ತು. ಇರ್ಮಾ ತನ್ನ ಉಸಿರನ್ನು ಬಿಡಲೇ ಇಲ್ಲ.

"ಎದೇಲಿ ಕಫ ಕಟ್ಟಿದೆ. ಮಾತ್ರೆ ಬರೆದು ಕೊಡ್ತೀನಿ. ಕೋಣೆ ಬೆಚ್ಚಗಿರ್ಲಿ," ಅಂದ. "ಮೊನ್ನೆ ಮೊನ್ನೆ ಎಲ್ಲಾದ್ರೂ ಚಳೀಲಿ ಕೂತಿದ್ರಾ ಅಜ್ಜಿ?"

ಅಜ್ಜಿ ಅಮ್ಮನ ಕಡೆ ನೋಡಿದಳು. ಆಮೇಲೆ ಚಾವಣಿಯ ನಕ್ಷತ್ರದ ಕಡೆ ನೋಡಿದಳು.

"ಇಸ್ಪೀಟು ಆಡ್ತಾ ಕೂತಿದ್ದೆ," ಅಂದಳು. "ಪೀನಾ ಮನೆ ಕಿಟಕಿ ಸರಿ ಇಲ್ಲ."

ಸ್ಕೂಟರ್ ಹೊರಟು ಹೋದ ಮೇಲೆ ಅಮ್ಮ ಅಡುಗೆಮನೆಗೆ ಹೋಗಿ ಫೋನು ಹಿಡಿದಳು. ಮೇಜಿನ ಮೇಲೆ ಸಿಗ್ನೆ ಜೋಡಿಸಿದ ನಿಂಬೆಹಣ್ಣಿನ ಬಟ್ಟಲು ಇನ್ನೂ ಹಾಗೇ ಇತ್ತು. ಇರ್ಮಾ ಬಾಗಿಲಿಗೆ ಒರಗಿ ನಿಂತಳು.

"ಸಿಗ್ನೆ, ನಾನು ಲೊರೆದಾನಾ... ಹೂಂ, ಆ ಮಲಗೋ ಕೋಣೆ ಫೋಟೋ. ಹಾಕ್ಬೇಡಿ... ಬೆಳಕು ಚೆನ್ನಾಗೇ ಇದೆ, ಅದಕ್ಕಲ್ಲ. ಟೋಪಿ... ನಿಮಗೆ ಹೆಂಗೆ ಹೇಳ್ಲಿ... ಅದು ನಮ್ಮಮ್ಮ ಮಲಗೋ ಹಾಸಿಗೆ." ಆ ಕಡೆಯ ದನಿ ಬಹಳ ಹೊತ್ತು ಮಾತಾಡಿತು. ಅಮ್ಮನ ಕಣ್ಣು ನಿಂಬೆಹಣ್ಣುಗಳ ಮೇಲೆ ನಿಂತಿತ್ತು. "ಗೊತ್ತು. ಆ ಫೋಟೋ ಇಲ್ದಿದ್ರೆ ನಮ್ಮ ಮನೇನೇ ಬರದೆ ಇರಬಹುದು... ಹೂಂ, ಅರ್ಥ ಆಯ್ತು. ಬರದಿದ್ರೂ ಆಗಲಿ."

ಫೋನು ಕೆಳಗಿಟ್ಟಳು. ಗೋಡೆಯಾಚೆಯಿಂದ ಅಜ್ಜಿ ಕೆಮ್ಮುವುದು ಕೇಳಿಸಿತು. ಇಬ್ಬರೂ ತಲೆಯೆತ್ತಿ, ಕೆಮ್ಮು ನಿಲ್ಲುವವರೆಗೆ ಕಿವಿಗೊಟ್ಟು ನಿಂತರು.

"ಅಮ್ಮಾ," ಅಂದಳು ಇರ್ಮಾ, "ಅವತ್ತು ನೀನೂ ನೋಡಿದ್ಯಲ್ಲ?"

ಅಮ್ಮನ ಕೈ ಏಪ್ರನ್ನಿನ ಜೇಬಿನಲ್ಲಿತ್ತು.

ಇರ್ಮಾ ಹತ್ತಿರ ಹೋಗಿ ತನ್ನ ಕೈಯನ್ನೂ ಅದೇ ಜೇಬಿಗೆ ಇಳಿಸಿದಳು. ಬೀಗದ ಕೈಗಳನ್ನು ಬೆರಳಿಂದ ಹುಡುಕಿದಳು. ಕಬ್ಬಿಣ ತಣ್ಣಗಿರುತ್ತದೆ ಅಂದುಕೊಂಡಿದ್ದಳು.

ಅದು ಬೆಚ್ಚಗಿತ್ತು. ಈಗ ತಾನೇ ಹಿಡಿದಷ್ಟು ಬೆಚ್ಚಗಲ್ಲ. ಮೊನ್ನೆಯಿಂದ ಯಾರೋ ಬಿಡದೆ ಹಿಡಿದುಕೊಂಡೇ ಇದ್ದಷ್ಟು ಬೆಚ್ಚಗೆ.

ಇರ್ಮಾ ಅದನ್ನು ಅಮ್ಮನ ಬೆರಳುಗಳ ಸಮೇತ ಬಿಗಿಯಾಗಿ ಹಿಡಿದುಕೊಂಡಳು.